ಜಾಕೆಟ್ ಇರೋದು ಕೂರೋಕಲ್ಲ

ನಿನ್ನೆ ಸಂಜೆ ನೋಡಿದ್ದು ಇನ್ನೂ ಕಣ್ಣಿಂದ ಹೋಗಿಲ್ಲ, ಅದಕ್ಕೇ ಬರೀತಿದ್ದೀನಿ. ಕೋಲಾರದ ಹತ್ತಿರದ ಒಂದು ಕೆರೆ, ಹೆಸರು ಬೇಡ. ಪೆಟ್ರೋಲ್ ಇಂಜಿನ್ ಕಟ್ಟಿದ ಫೈಬರ್ ದೋಣಿ. ಸೀಟು ಗಟ್ಟಿ ಅಂತ ಲೈಫ್ ಜಾಕೆಟ್‌ಗಳನ್ನ ಮಡಚಿ ಕೆಳಗೆ ಹಾಕ್ಕೊಂಡು ಜನ ಅದರ ಮೇಲೆ ಕೂತಿದ್ದಾರೆ. ಜಾಕೆಟ್ ಮೈಮೇಲಿದ್ದದ್ದು ಐದಾರು ವರ್ಷದ ಒಂದು ಹುಡುಗಿಗೆ ಮಾತ್ರ. ಅದೂ ದೊಡ್ಡವರದು, ಬಕಲ್ ಹಾಕಿಲ್ಲ, ಮೊಣಕಾಲ ತನಕ ಜೋತು ಬಿದ್ದಿದೆ. ದಡದಿಂದ ಕೂಗಿದೆ. ದೋಣಿಯವನು ಕೈ ಬೀಸಿ ಹೊರಟೇಬಿಟ್ಟ.

ಇಷ್ಟು ಸಿಟ್ಟು ಯಾಕೆ ಅಂತ ಕೇಳಬೇಡಿ. ನಮ್ಮಪ್ಪ ನೀರಗಂಟಿ ಆಗಿದ್ದೋರು, ಅಂದ್ರೆ ಕೆರೆ ತೂಬು ಎತ್ತಿ ಹೊಲಗಳಿಗೆ ನೀರು ಹಂಚೋರು. ತೂಬು ಎತ್ತೋಕೆ ನೀರೇ ಇಲ್ಲದ ವರ್ಷಗಳಲ್ಲಿ ಅವರ ಮುಖ ಹೇಗಿರ್ತಿತ್ತು ಅಂತ ನನಗೆ ಗೊತ್ತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ಕಳಿಸೋದು, ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂತು. ಆಮೇಲೆ 2021ರ ಮಳೆಗೆ ಕೆರೆ ಮೇಲೆ ಕೆರೆ ಕೋಡಿ ಬಿತ್ತು. ಊರಿಗೆ ಊರೇ ಏರಿ ಮೇಲೆ ನಿಂತಿತ್ತು, ಬಾಗಿನ ಕೊಟ್ವಿ. ಆ ನೀರಿನ ಮೇಲೆ ದೋಣಿ ಹೋಗೋದು ನೋಡಿದ್ರೆ ನನಗೆ ಎದೆ ತುಂಬಿ ಬರುತ್ತೆ, ನಿಜವಾಗಲೂ. ಆದರೆ ಕೆರೆ ಒಣಗಿದ್ದ ಕಾಲದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಈಜು ಕಲಿಯೋದಾದರೂ ಎಲ್ಲಿ? ನನಗೇ ಈಜು ಬರಲ್ಲ. ನೀರಗಂಟಿ ಮಗನಿಗೆ ಈಜು ಬರಲ್ಲ, ಯಾಕಂದ್ರೆ ನಮ್ಮ ಕಾಲಕ್ಕೆ ಕೆರೆ ಅಂಗಳ ಅಂದ್ರೆ ಕ್ರಿಕೆಟ್ ಮೈದಾನ. ಜಾಕೆಟ್ ಇಲ್ಲದೆ ದೋಣಿ ಹತ್ತಿಸೋ ಧೈರ್ಯ ಈ ಬಯಲುಸೀಮೆಯವರಿಗೆ ಎಲ್ಲಿಂದ ಬಂತು?

ವಾಪಸ್ ಬಂದ ಮೇಲೆ ದೋಣಿಯವನನ್ನ ಕೇಳಿದೆ. "ನಾಲ್ಕಡಿ ನೀರು ಸಾರ್, ಏನಾಗುತ್ತೆ?" ಅಂದ. ಅವನೊಬ್ಬನೇ ಅಲ್ಲ, ಎಲ್ಲರೂ ಹೇಳೋದು ಇದನ್ನೇ. ನಾಲ್ಕಡಿ ಅಂತ ಯಾರು ಅಳೆದಿದ್ದಾರೆ? ಬತ್ತಿದ ವರ್ಷಗಳಲ್ಲಿ ಜೆಸಿಬಿ ಇಳಿಸಿ, ಇಟ್ಟಿಗೆ ಗೂಡಿಗೆ, ಹೊಲಕ್ಕೆ ಟ್ರ್ಯಾಕ್ಟರ್‌ಗಟ್ಟಲೆ ಮಣ್ಣು ಹೊಡೆದಿದ್ದು ಇದೇ ಕೆರೆಯಿಂದ. ಇಲ್ಲಿ ಸೊಂಟದ ಮಟ್ಟ, ಎರಡು ಹೆಜ್ಜೆ ಆಚೆ ಆಳುದ್ದ ಗುಂಡಿ. ಮೇಲಿಂದ ನೋಡಿದ್ರೆ ಎಲ್ಲ ಒಂದೇ ಸಮ. ತಳದ ಕೆಸರಲ್ಲಿ ಕಾಲು ಹೂತುಕೊಂಡರೆ ಕಿತ್ತುಕೊಳ್ಳೋಕೂ ಆಗಲ್ಲ. ಐದು ವರ್ಷದ ಮಗುವಿಗೆ ನಾಲ್ಕಡಿಯೇ ಸಾಕು, ಅದು ಬೇರೆ ಮಾತು.

ವಡೋದರದ ಹರಣಿ ಕೆರೆ ಕೂಡ ಊರೊಳಗಿನ ಕೆರೆಯೇ. 2024ರ ಜನವರಿಯಲ್ಲಿ ಶಾಲೆಯಿಂದ ಪಿಕ್ನಿಕ್ ಬಂದಿದ್ದ 12 ಮಕ್ಕಳು, ಇಬ್ಬರು ಶಿಕ್ಷಕರು ಅಲ್ಲಿ ತೀರಿಹೋದರು. ಹಿಡಿಸೋದಕ್ಕಿಂತ ಹೆಚ್ಚು ಜನ, ಎಷ್ಟೋ ಮಕ್ಕಳಿಗೆ ಜಾಕೆಟ್ ಇಲ್ಲ. ಅದಕ್ಕೂ ಹಿಂದಿನ ವರ್ಷ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ದೋಣಿ ಮಗುಚಿ 22 ಜನ. ಅಲ್ಲೂ ಕಿಕ್ಕಿರಿದ ದೋಣಿಯೇ.

ಜಾಕೆಟ್ ಮೇಲೆ ದಿನಾ ಕೂತರೆ ಒಳಗಿನ ಫೋಮ್ ಅಪ್ಪಚ್ಚಿಯಾಗುತ್ತೆ, ತೇಲಿಸೋ ಶಕ್ತಿ ಕಡಿಮೆಯಾಗುತ್ತೆ. ಹೊರಗಿಂದ ನೋಡೋಕೆ ಮಾತ್ರ ಕಿತ್ತಳೆ ಬಣ್ಣ ಹಾಗೇ ಇರುತ್ತೆ. ದೊಡ್ಡವರದನ್ನ ಮಗುವಿಗೆ ಹಾಕಿದ್ರೆ ನೀರಿಗೆ ಬಿದ್ದ ಕೂಡಲೇ ಜಾಕೆಟ್ ಮೇಲೇಳುತ್ತೆ, ಮಗು ಕೆಳಗೆ ಜಾರುತ್ತೆ. ಪರೀಕ್ಷೆ ಮಾಡೋಕೆ ಅರ್ಧ ನಿಮಿಷ ಸಾಕು. ಬಕಲ್ ಎಲ್ಲ ಹಾಕಿ, ಪಟ್ಟಿ ಬಿಗಿದು, ಎರಡೂ ಭುಜದ ಹತ್ತಿರ ಜಾಕೆಟ್ ಹಿಡಿದು ಮೇಲಕ್ಕೆಳೀರಿ. ಗದ್ದ, ಕಿವಿ ದಾಟಿ ಬಂದ್ರೆ ಅದು ಆ ಮಗುವಿನ ಅಳತೆ ಅಲ್ಲ.

ಇನ್ನು ಆ ಇಂಜಿನ್. ಹಳೇ ಟೂ ಸ್ಟ್ರೋಕ್, ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಹಾಕೋದು. ಅಂಥ ಇಂಜಿನ್‌ನಲ್ಲಿ ಹಾಕಿದ ಇಂಧನದ ಸುಮಾರು ಕಾಲು ಭಾಗ ಉರಿಯದೇ ಹೊಗೆ ಜೊತೆ ನೀರಿಗೇ ಬಿಡುಗಡೆ. ಬೋರ್‌ವೆಲ್ ಸಾವಿರ ಅಡಿ ದಾಟಿದ ಜಿಲ್ಲೆ ಇದು, ಅಂತರ್ಜಲಕ್ಕೆ ಅಂತಲೇ ಕೆರೆ ತುಂಬಿಸ್ತಿದ್ದೀವಿ, ಅದಕ್ಕೆ ಆಯಿಲ್ ಕುಡಿಸ್ತಿದ್ದೀವಿ. ಫ್ಯಾನ್ ತಿರುಗಿದಷ್ಟೂ ತಳದ ಹೂಳು ಎದ್ದು ನೀರು ರಾಡಿ. ಜೊಂಡಿನ ಅಂಚಲ್ಲಿ ಗುಳುಮುಳುಕ ಗೂಡು ಕಟ್ಟುತ್ತೆ, ನೋಡಿದ್ದೀರಾ? ಕೊಳೆತ ಪಾಚಿ, ಎಲೆ ಸೇರಿಸಿ ನೀರಿನ ಮೇಲೇ ತೇಲೋ ಗೂಡು. ಆಚೆ ಹೋಗುವಾಗ ಮೊಟ್ಟೆ ಕಾಣದ ಹಾಗೆ ಸೊಪ್ಪು ಮುಚ್ಚಿ ಹೋಗುತ್ತೆ ಆ ಪುಟ್ಟ ಹಕ್ಕಿ. ಅಷ್ಟು ಜೋಪಾನ ಮಾಡಿದ್ದು ಇಂಜಿನ್ ದೋಣಿ ಎಬ್ಬಿಸೋ ಒಂದು ಅಲೆಗೆ ಹೋಗುತ್ತೆ.

"ಹುಡುಗರ ಹೊಟ್ಟೆಪಾಡು, ಯಾಕೆ ಅಡ್ಡ ಬರ್ತೀರಾ" ಅಂತ ಒಬ್ಬರು ಅಲ್ಲೇ ನನಗೆ ಬುದ್ಧಿ ಹೇಳಿದ್ರು. ಹೊಟ್ಟೆಪಾಡು ನಡೀಲಿ ಸ್ವಾಮಿ, ನಾನೂ ಟಿಕೆಟ್ ತಗೊಳ್ತೀನಿ. ಪೆಡಲ್ ದೋಣಿ ಬಿಡಲಿ, ಹುಟ್ಟು ಹಾಕೋ ದೋಣಿ ಬಿಡಲಿ, ಬ್ಯಾಟರಿ ಮೋಟಾರ್ ಬಿಡಲಿ. ಜೊಂಡಿನ ಕಡೆ ಹೋಗದ ಹಾಗೆ ಬಲೂನು ಕಟ್ಟಿ ಗಡಿ ಹಾಕಲಿ. ಪೆಟ್ರೋಲ್ ಖರ್ಚು ಉಳಿದ ದುಡ್ಡಲ್ಲೇ ಮಕ್ಕಳ ಅಳತೆಯ ಜಾಕೆಟ್ ಬರುತ್ತಲ್ಲ! ಒಂದು ದೋಣಿ ಮಗುಚಿದ ದಿನ ಯಾವ ಹುಡುಗನ ಹೊಟ್ಟೆಪಾಡೂ ಉಳಿಯಲ್ಲ.

ಸೋಮವಾರ ಪಂಚಾಯ್ತಿಗೆ ಅರ್ಜಿ ಕೊಡ್ತಿದ್ದೀನಿ. ಕೇಳೋದು ಮೂರೇ: ಪೆಟ್ರೋಲ್ ಇಂಜಿನ್ ಬೇಡ, ದೋಣಿ ಮೇಲೆ ಎಷ್ಟು ಜನ ಅಂತ ದೊಡ್ಡದಾಗಿ ಬರೀರಿ, ಬಕಲ್ ಹಾಕದವರಿದ್ರೆ ದೋಣಿ ಬಿಡಬೇಡಿ. ಸಹಿ ಹಾಕೋರು ಇನ್‌ಬಾಕ್ಸ್‌ಗೆ ಬನ್ನಿ. ಅಷ್ಟರಲ್ಲಿ ಯಾರಾದರೂ ಮಕ್ಕಳನ್ನ ಕರ್ಕೊಂಡು ಕೆರೆ ಕಡೆ ಹೋದರೆ, ಭುಜ ಹಿಡಿದು ಎಳೆದು ನೋಡಿ. ಅಳತೆಯದು ಇಲ್ಲ ಅಂದ್ರೆ ಹತ್ತಬೇಡಿ, ಟಿಕೆಟ್ ದುಡ್ಡು ವಾಪಸ್ ಕೇಳಿ.