ಅಡುಗೆಮನೆ ಆಟವಂತೆ!

ನಿನ್ನೆಯಿಂದ ತಲೆ ಕೆಟ್ಟಿದೆ. ಬರೆದು ಬಿಡುತ್ತೇನೆ, ಇಲ್ಲದಿದ್ದರೆ ಮನೆಯವರ ಮೇಲೆ ಹಾಯುತ್ತೇನೆ. ಅವರು ಆಗಲೇ ಪೇಪರ್ ಹಿಡಿದುಕೊಂಡು ವರಾಂಡ ಸೇರಿದ್ದಾರೆ.

ನಿಮಗೆಲ್ಲ ಗೊತ್ತಲ್ಲ, ಪಾಠ ಹೇಳುವ ಕೆಲಸದಿಂದ ರಿಟೈರ್ ಆದ ಮೇಲೆ ನನ್ನನ್ನು ಕರೆಯುವುದು ಎರಡಕ್ಕೇ. ಒಂದು ಮದುವೆ, ಇನ್ನೊಂದು ವಿಜ್ಞಾನ ವಸ್ತುಪ್ರದರ್ಶನದ ತೀರ್ಪು. ನಿನ್ನೆ ಒಂದು ಹೈಸ್ಕೂಲಿಗೆ ಹೋಗಿದ್ದೆ. ಎಂದಿನಂತೆ ಮೂರು ಜ್ವಾಲಾಮುಖಿ, ನಾಲ್ಕು ಮಳೆನೀರು ಕೊಯ್ಲು, ಥರ್ಮೋಕೋಲಿನ ಒಂದು ಚಂದ್ರಯಾನ. ಕೊನೆಯ ಬೆಂಚಿನಲ್ಲಿ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ನಿಂತಿದ್ದಳು. ಮುಂದೆ ಕಾಫಿ ಲೋಟ ಇಟ್ಟು ತರುವ ಸ್ಟೀಲ್ ಟ್ರೇ, ಇನ್ನೇನು ತುಳುಕಬೇಕು ಅನ್ನುವಷ್ಟು ನೀರು. ಪಕ್ಕದಲ್ಲಿ ಕರ್ಪೂರದ ಡಬ್ಬಿ, ಬಾಟಲಿ ಮುಚ್ಚಳದಲ್ಲಿ ಚೂರು ತೆಂಗಿನೆಣ್ಣೆ, ಒಂದು ಸ್ಟೀಲ್ ಸ್ಕೇಲು. ಚಾರ್ಟೂ ಇಲ್ಲ, ಮಿಣಮಿಣ ಲೈಟೂ ಇಲ್ಲ.

ಕರ್ಪೂರ ಮುರಿದು ಎರಡು ಚೂರು ನೀರಿಗೆ ಹಾಕಿದಳು. ಅವು ದೆವ್ವ ಹೊಕ್ಕ ಹಾಗೆ ಗಿರಗಿರ ಸುತ್ತುತ್ತಾ ಟ್ರೇ ತುಂಬ ಓಡಾಡಿದವು. ಆಮೇಲೆ ಕಿರುಬೆರಳನ್ನು ಎಣ್ಣೆಗೆ ತಾಗಿಸಿ, ಲಂಗಕ್ಕೆ ಒರೆಸಿಕೊಂಡು (ಒರೆಸಿದ ಮೇಲೆ!) ನೀರಿಗೆ ಮುಟ್ಟಿಸಿದಳು. ಕರ್ಪೂರ ಗಪ್ಪನೆ ನಿಂತಿತು. ಇಷ್ಟಕ್ಕೇ ಮುಗಿಯಲಿಲ್ಲ. ಸ್ಕೇಲನ್ನು ಟ್ರೇಯ ಅಂಚಿನ ಮೇಲೆ ಅಡ್ಡ ಇಟ್ಟು, ನೀರಿನ ಮೈ ಸವರುತ್ತಾ ಒಂದು ಕಡೆಗೆ ತಳ್ಳಿಕೊಂಡು ಹೋದಳು. ಸ್ಕೇಲಿನ ಹಿಂದೆ ಉಳಿದ ನೀರಿಗೆ ಹೊಸ ಚೂರು ಹಾಕಿದಳು. ಮತ್ತೆ ಕುಣಿತ! "ಎಣ್ಣೆ ಎಲ್ಲ ಆ ಕಡೆ ಹೋಯ್ತು ಮಿಸ್, ಈ ಕಡೆ ಕ್ಲೀನು" ಅಂದಳು. ಯಾರು ಹೇಳಿಕೊಟ್ಟರು ಅಂದರೆ, "ಯಾರೂ ಇಲ್ಲ, ದೇವರ ದೀಪ ತೊಳೆಯುವಾಗ ನೋಡಿದೆ."

ನನಗೆ ಮೈ ಜುಮ್ಮೆಂದಿತು. ಅಷ್ಟರಲ್ಲಿ ನನ್ನ ಜೊತೆಗಿದ್ದ ಇನ್ನೊಬ್ಬ ತೀರ್ಪುಗಾರರು ಬಗ್ಗಿ ನೋಡಿ, "ಇದು ಅಡುಗೆಮನೆ ಆಟ ಮೇಡಂ, ಸೈನ್ಸ್ ಎಲ್ಲಿದೆ ಇದರಲ್ಲಿ?" ಅಂದರು. ಹುಡುಗಿಯ ಎದುರಿಗೇ. ಹತ್ತಕ್ಕೆ ಮೂರು ಬರೆದು ಚಂದ್ರಯಾನದ ಕಡೆ ನಡೆದರು.

ಅಡುಗೆಮನೆ ಆಟ. ಸರಿ ಸ್ವಾಮಿ. ಹಾಗಾದರೆ ಒಂದು ಬಚ್ಚಲುಮನೆ ಆಟದ ಕತೆ ಕೇಳಿ. 1890ರಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ ಅನ್ನುವ ದೊಡ್ಡ ಮನುಷ್ಯ 84 ಸೆಂಟಿಮೀಟರ್ ಅಗಲದ ಸ್ನಾನದ ತೊಟ್ಟಿಗೆ ನೀರು ತುಂಬಿ, ಕರ್ಪೂರ ಹಾಕಿ, ಅದರ ಕುಣಿತ ನಿಲ್ಲಿಸಲು ಎಷ್ಟು ಆಲಿವ್ ಎಣ್ಣೆ ಬೇಕು ಅಂತ ತೂಗಿ ನೋಡಿದರು. ಎಣ್ಣೆ ಪದರದ ದಪ್ಪ ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಒಂದೂವರೆ ಪಾಲಿಗಿಂತ ಚೂರು ಜಾಸ್ತಿ ಬಂತು. ಅದನ್ನು ಯಾರೂ ಬಚ್ಚಲುಮನೆ ಆಟ ಅನ್ನಲಿಲ್ಲ. ಪ್ರಬಂಧ ಅಂದರು. ಇದೇ ಮಹಾಶಯರಿಗೆ 1904ರಲ್ಲಿ ನೊಬೆಲ್ ಬಂತು, ಅದು ಆರ್ಗಾನ್ ಅನಿಲ ಕಂಡುಹಿಡಿದದ್ದಕ್ಕೆ, ಆ ಮಾತು ಬೇರೆ.

ವಿಷಯ ಸರಳ. ಕರ್ಪೂರ ಕರಗುವಾಗ ತನ್ನ ಸುತ್ತಲಿನ ನೀರಿನ ಮೇಲ್ಮೈಯ ಬಿಗಿ ಸಡಿಲಿಸುತ್ತದೆ. ಎಲ್ಲ ಕಡೆ ಒಂದೇ ಸಮ ಕರಗುವುದಿಲ್ಲವಲ್ಲ, ಹಾಗಾಗಿ ಬಿಗಿ ಜಾಸ್ತಿ ಇರುವ ಕಡೆಯ ನೀರು ಅದನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಮೊದಲೇ ಎಲ್ಲ ಕಡೆಯೂ ಬಿಗಿ ಇಳಿಸಿಬಿಟ್ಟರೆ ಎಳೆಯುವವರೇ ಇಲ್ಲ. ಅದಕ್ಕೇ ನಿಲ್ಲುತ್ತದೆ.

ಈಗ ಸ್ಕೇಲಿನ ವಿಷಯ. ನನಗೆ ಸಿಟ್ಟು ಬಂದಿದ್ದೇ ಇಲ್ಲಿ.

ಜರ್ಮನಿಯ ಬ್ರೌನ್‌ಶ್ವೈಗ್ ಊರಿನಲ್ಲಿ ಆಗ್ನೆಸ್ ಪೊಕೆಲ್ಸ್ ಅಂತ ಒಬ್ಬಳಿದ್ದಳು. ಹುಟ್ಟಿದ್ದು 1862. ಹೆಣ್ಣುಮಕ್ಕಳ ಹೈಸ್ಕೂಲು ಮುಗಿಯಿತು, ಮುಂದೆ ಯೂನಿವರ್ಸಿಟಿ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಕಾಯಿಲೆಯ ಅಪ್ಪ ಅಮ್ಮ. ಅಡುಗೆ, ಮುಸುರೆ, ಔಷಧಿ. ತಮ್ಮ ಫ್ರೀಡ್ರಿಷ್ ಭೌತಶಾಸ್ತ್ರ ಓದಲು ಹೋದ, ಅವನು ಕಳಿಸಿದ ಪುಸ್ತಕ ಇವಳು ಮನೆಯಲ್ಲಿ ಓದಿದಳು. ಇಪ್ಪತ್ತರ ಆಸುಪಾಸಿನಲ್ಲೇ ಜಿಡ್ಡು ನೀರಿನ ಮೇಲೆ ಪ್ರಯೋಗ ಶುರು ಮಾಡಿದಳು. ಕೋಟ್ಯಂತರ ಹೆಂಗಸರು ಮುಖ ಸಿಂಡರಿಸಿ ಚೆಲ್ಲುವ ಮುಸುರೆ ನೀರನ್ನು ಇವಳು ನಿಂತು ನೋಡಿದಳು ಅಂತ ಆಮೇಲೆ ತಮ್ಮನ ಹೆಂಡತಿಯೇ ನೆನಪಿಸಿಕೊಂಡಿದ್ದಾಳೆ. ಅವಳ ಉಪಕರಣ ಏನು ಗೊತ್ತಾ? 70 ಸೆಂಟಿಮೀಟರ್ ಉದ್ದ, 5 ಅಗಲ, 2 ಎತ್ತರದ ತಗಡಿನ ತೊಟ್ಟಿ. ಅಂಚಿನವರೆಗೆ ನೀರು. ಮೇಲೆ ಅಡ್ಡಲಾಗಿ ಒಂದು ತಗಡಿನ ಪಟ್ಟಿ. ಅದನ್ನು ಸರಿಸಿದರೆ ಜಿಡ್ಡಿನ ಪದರ ಕುಗ್ಗುತ್ತದೆ ಇಲ್ಲವೇ ಹಿಗ್ಗುತ್ತದೆ. ಅಂಗಿಯ ಗುಂಡಿಯಂಥ ಒಂದು ಪುಟ್ಟ ಬಿಲ್ಲೆಯನ್ನು ನೀರಿನ ಮೈಯಿಂದ ಎತ್ತಲು ಎಷ್ಟು ಬಲ ಬೇಕು ಅಂತ ತಕ್ಕಡಿಯಲ್ಲಿ ತೂಗುತ್ತಿದ್ದಳು.

ಟ್ರೇ, ಸ್ಕೇಲು! ಅದೇ ಅಲ್ವಾ? ಎಂಟನೇ ಕ್ಲಾಸಿನ ಮಗು ದೀಪ ತೊಳೆಯುತ್ತಾ ಅಲ್ಲಿಗೇ ಬಂದು ನಿಂತಿದೆ, ಇವರು ಮೂರು ಮಾರ್ಕು ಕೊಡುತ್ತಾರೆ.

ಊರಿನ ವಿದ್ವಾಂಸರು ಆಗ್ನೆಸಳ ಕೆಲಸವನ್ನು ತಿರುಗಿಯೂ ನೋಡಲಿಲ್ಲ. ಕೊನೆಗೆ 1891ರ ಜನವರಿಯಲ್ಲಿ ಅವಳು ಧೈರ್ಯ ಮಾಡಿ ಅದೇ ಬಚ್ಚಲು ತೊಟ್ಟಿಯ ಲಾರ್ಡ್ ರ‍್ಯಾಲೆಗೆ ಜರ್ಮನ್ ಭಾಷೆಯಲ್ಲಿ ಕಾಗದ ಬರೆದಳು. ಅವರ ಹೆಂಡತಿ ಕೂತು ಇಂಗ್ಲಿಷಿಗೆ ತಂದರು. ಓದಿದ ರ‍್ಯಾಲೆ, ಇದು ಮನೆ ಸಾಮಾನಿನಲ್ಲೇ ಮಾಡಿದ ಬೆಲೆಬಾಳುವ ಕೆಲಸ, ಅಚ್ಚು ಹಾಕಿ ಅಂತ 'ನೇಚರ್' ಪತ್ರಿಕೆಗೆ ಕಳಿಸಿದರು. ಮಾರ್ಚ್ 12ಕ್ಕೆ ಅಚ್ಚಾಯಿತು. ಇದೇ ತೊಟ್ಟಿಯನ್ನು ಮುಂದೆ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಸುಧಾರಿಸಿದರು. ಮೇಲ್ಮೈ ರಸಾಯನಶಾಸ್ತ್ರಕ್ಕೆ ಅವರಿಗೆ 1932ರಲ್ಲಿ ನೊಬೆಲ್ ಬಂತು. ಅದೇ 1932ರಲ್ಲಿ, ಎಪ್ಪತ್ತು ತುಂಬಿದ ಆಗ್ನೆಸ್‌ಗೆ ಅವಳ ಊರಿನವರು ಒಂದು ಗೌರವ ಡಾಕ್ಟರೇಟ್ ಕೊಟ್ಟರು. ಮೂರು ವರ್ಷಕ್ಕೆ ತೀರಿಕೊಂಡಳು. ತೊಟ್ಟಿಗೆ ಇವತ್ತು ಲ್ಯಾಂಗ್‌ಮ್ಯೂರ್ ಹೆಸರು.

"ಅಳತೆ ಎಲ್ಲಿ ಮೇಡಂ? ಅಳತೆ ಇಲ್ಲದೆ ಸೈನ್ಸ್ ಇಲ್ಲ" ಅಂತ ಆಮೇಲೆ ಆ ತೀರ್ಪುಗಾರರು ವಾದ ಹೂಡಿದರು. ಹೌದು, ಹುಡುಗಿ ಅಳೆದಿರಲಿಲ್ಲ. ಒಪ್ಪಿದೆ. ಜ್ವಾಲಾಮುಖಿಯಲ್ಲಿ ಏನು ಅಳತೆ ಇತ್ತು? ಸೋಡಾ ಎಷ್ಟು ಚಮಚ ಅಂತ ಆ ಹುಡುಗನಿಗೇ ಗೊತ್ತಿರಲಿಲ್ಲ, ಅವನಿಗೆ ಏಳು.

ಅಳತೆ ಬೇಕಾದರೆ ಅಡುಗೆಮನೆಯಲ್ಲೇ ಸಿಗುತ್ತದೆ. ನಮ್ಮತ್ತೆ ಸಿಲಿಂಡರ್ ಹಚ್ಚಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದರು. 14.2 ಕೆಜಿ ಗ್ಯಾಸು ಎಷ್ಟು ದಿನ ಬಂತು ಅನ್ನುವುದು ಅವರ ಲ್ಯಾಬ್ ನೋಟ್‌ಬುಕ್ಕು. "ಕುದಿ ಬಂದ ಮೇಲೆ ಉರಿ ಸಣ್ಣ ಮಾಡೇ, ನೀರು ಅದಕ್ಕಿಂತ ಜಾಸ್ತಿ ಕಾಯಲ್ಲ" ಅನ್ನುತ್ತಿದ್ದರು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ಉರಿ ಎಷ್ಟು ಜೋರು ಮಾಡಿದರೂ ಬೇಳೆಗೆ ಸಿಗುವುದು ಅದೇ 97. ಮಿಕ್ಕಿದ್ದೆಲ್ಲ ಆವಿ. ಒಂದು ಗ್ರಾಂ ನೀರನ್ನು 25ರಿಂದ 97ಕ್ಕೆ ಏರಿಸಲು 72 ಕ್ಯಾಲರಿ ಸಾಕು, ಅದನ್ನೇ ಆವಿ ಮಾಡಲು 540ರ ಹತ್ತಿರ ಬೇಕು. ಏಳು ಪಟ್ಟು! ಇದನ್ನು ನಾನು ಬೋರ್ಡಿನ ಮೇಲೆ 31 ವರ್ಷ ಬರೆದೆ. ಅತ್ತೆ ಬರೆಯದೇ ಗ್ಯಾಸ್ ಉಳಿಸಿದರು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಮೂಲ್ಯ ರೆಡ್ಡಿ ಅನ್ನುವ ಎಲೆಕ್ಟ್ರೋಕೆಮಿಸ್ಟ್ 1974ರಲ್ಲಿ 'ಅಸ್ತ್ರ' ಅಂತ, ಹಳ್ಳಿಗೆ ಬೇಕಾದ ತಂತ್ರಜ್ಞಾನದ ಒಂದು ಕೇಂದ್ರ ಶುರು ಮಾಡಿದರು. ಕುಣಿಗಲ್ ತಾಲ್ಲೂಕಿನ ಪುರ ಹಳ್ಳಿಯಲ್ಲಿ ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ ಅಂತ ಲೆಕ್ಕ ಹಾಕಿದರು. ಅಲ್ಲಿಂದ ಅಸ್ತ್ರ ಒಲೆ ಬಂತು, ಮೂರು ಪಾತ್ರೆ, ಚಿಮಣಿ, ಉರಿಗೆ ಬಾಗಿಲು. ಒಲೆ ಮುಂದೆ ಕೂರಲು ಅವರಿಗೆ ನಾಚಿಕೆ ಆಗಲಿಲ್ಲ. ನಮ್ಮ ತೀರ್ಪುಗಾರರಿಗೆ ಬಗ್ಗಲು ಸೊಂಟ ನೋವು.

"ಹಾಗಾದರೆ ಪಾತ್ರೆ ತೊಳೆಯುವವರೆಲ್ಲ ವಿಜ್ಞಾನಿಗಳಾ?" ಅಂತ ಕಾಮೆಂಟ್ ಹಾಕಲು ಒಬ್ಬಿಬ್ಬರು ರೆಡಿ ಇದ್ದೀರಿ, ಗೊತ್ತು. ಇಲ್ಲಪ್ಪ. ಲ್ಯಾಬಿನಲ್ಲಿ ಇರುವವರೂ ಎಲ್ಲ ವಿಜ್ಞಾನಿಗಳಲ್ಲ. ನಾನೇ ಇದ್ದೆನಲ್ಲ ಅಷ್ಟು ವರ್ಷ, ಸಾಲ್ಟ್ ಅನಾಲಿಸಿಸ್ ಬಿಟ್ಟು ಏನು ಕಡಿದು ಗುಡ್ಡೆ ಹಾಕಿದೆ?

ಇನ್ನೊಂದು ಹೇಳಿಬಿಡುತ್ತೇನೆ. ನಾನು ಎಂಎಸ್ಸಿ ಓದುವಾಗ ಒಂದು ದಿನ ಅಮ್ಮ ಕೇಳಿದ್ದಳು, "ಹಾಲು ಉಕ್ಕುತ್ತೆ, ನೀರು ಯಾಕೆ ಹಂಗೆ ಉಕ್ಕಲ್ಲ? ಒಳಗೆ ಸೌಟು ಬಿಟ್ಟರೆ ಹಾಲೂ ಸುಮ್ನಿರುತ್ತಲ್ಲ?" ನನಗೆ ಉತ್ತರ ಗೊತ್ತಿರಲಿಲ್ಲ. ಹಾಲಿನ ಮೇಲೆ ಪದರ ಕಟ್ಟುತ್ತದೆ, ಆವಿಯ ಗುಳ್ಳೆ ಅದರಡಿ ಸಿಕ್ಕಿಕೊಂಡು ಎತ್ತುತ್ತದೆ, ಸೌಟು ಆವಿಗೆ ದಾರಿ ಮಾಡಿಕೊಡುತ್ತದೆ. ಇಷ್ಟೇ. ಆದರೆ ಗೊತ್ತಿಲ್ಲ ಅಂತ ಹೇಳಲು ಜಂಬ ಬಿಡಲಿಲ್ಲ. "ನಿಂಗೆ ಅದೆಲ್ಲ ಅರ್ಥ ಆಗಲ್ಲ ಬಿಡಮ್ಮ" ಅಂದುಬಿಟ್ಟೆ. ಅಮ್ಮ ನಕ್ಕು ಸೌಟು ತೊಳೆದಿಟ್ಟಳು. ಮತ್ತೆ ಯಾವತ್ತೂ ಏನೂ ಕೇಳಲಿಲ್ಲ. ನಿನ್ನೆ ಆ ಮನುಷ್ಯನ ಬಾಯಲ್ಲಿ ನನ್ನದೇ ಮಾತು ಕೇಳಿತು ನೋಡಿ, ಸಿಟ್ಟು ಅಷ್ಟು ಏರಲು ಅದೂ ಕಾರಣ ಇರಬೇಕು.

ನಾನು ಹತ್ತಕ್ಕೆ ಹತ್ತು ಕೊಟ್ಟೆ. ಇಬ್ಬರದೂ ಕೂಡಿಸಿ ಹುಡುಗಿಗೆ ಸಮಾಧಾನಕರ ಬಹುಮಾನ ಬಂತು. ಮೊದಲ ಬಹುಮಾನ ಚಂದ್ರಯಾನಕ್ಕೆ, ಅದರ ಬುಡದಲ್ಲಿ ಅಂಗಡಿಯ ಬೆಲೆ ಚೀಟಿ ಇನ್ನೂ ಅಂಟಿಕೊಂಡಿತ್ತು. ಹುಡುಗಿಗೆ ಕೊಟ್ಟಿದ್ದು ಸ್ಟೀಲಿನ ಚೌಕ ಟಿಫಿನ್ ಡಬ್ಬಿ. ವೇದಿಕೆ ಇಳಿದವಳು ನೇರ ನನ್ನ ಹತ್ತಿರ ಬಂದಳು. ಮುಚ್ಚಳ ತೆಗೆದು, ಬ್ಯಾಗಿನಿಂದ ಸ್ಕೇಲು ಎಳೆದು, ಡಬ್ಬಿಯ ಬಾಯಿಗೆ ಅಡ್ಡ ಇಟ್ಟು ಕಣ್ಣು ಕಿರಿದು ಮಾಡಿ ನೋಡಿದಳು.

"ಮಿಸ್, ಇದರ ಅಂಚು ಟ್ರೇಗಿಂತ ಸಮ ಇದೆ. ಎಣ್ಣೆ ಸಂದಿಯಲ್ಲಿ ತಪ್ಪಿಸಿಕೊಳ್ಳಲ್ಲ."