ಜೂಜಲ್ಲ ಸ್ವಾಮಿ, ಹೂಡಿಕೆ!

ಪರಿಚಯದವರೊಬ್ಬರು ಖಾಲಿ ಸೈಟು ಕೊಂಡಿದ್ದಾರೆ. ಮೊಬೈಲಿನಲ್ಲಿ ಫೋಟೊ ತೋರಿಸಿದರು. ನಾಲ್ಕು ಮೂಲೆಗೆ ನಾಲ್ಕು ಕಲ್ಲು, ನಡುವೆ ಮೊಣಕಾಲುದ್ದ ಹುಲ್ಲು. ಆ ಹುಲ್ಲನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ತೋರಿಸುತ್ತಾ, "ನಾನೀಗ ಇನ್ವೆಸ್ಟರ್" ಎಂದರು.

"ಬಾಡಿಗೆ ಏನಾದ್ರೂ ಬರುತ್ತಾ?"

"ನಿಮ್ದೊಳ್ಳೆ ಕಥೆ! ಹುಲ್ಲಿಗೆ ಯಾರು ಬಾಡಿಗೆ ಕೊಡ್ತಾರೆ? ರೇಟು ಏರಿದ ತಕ್ಷಣ ಇನ್ನೊಬ್ಬ ಇನ್ವೆಸ್ಟರ್‌ಗೆ ಮಾರ್ತೀನಿ."

"ಅವನು?"

"ಅವನು ಮತ್ತೊಬ್ಬನಿಗೆ."

"ಮನೆ ಕಟ್ಟಿಕೊಂಡು ಇರೋನು ಯಾರು?"

"ಅದು ನಮ್ಮ ತಲೆನೋವಲ್ಲ ಬಿಡಿ."

ನಿಜವಾದ ಹೂಡಿಕೆಯಷ್ಟು ಬೋರು ಹೊಡೆಸುವ ಕೆಲಸ ಇನ್ನೊಂದಿಲ್ಲ. ವರ್ಷದ ಬಾಡಿಗೆ ಬರೆದುಕೊಳ್ಳಬೇಕು. ತೆರಿಗೆ ಕಳೆಯಬೇಕು, ಸೋರುವ ನಲ್ಲಿಯ ರಿಪೇರಿ ಕಳೆಯಬೇಕು, ಮನೆ ಖಾಲಿ ಬಿದ್ದ ತಿಂಗಳುಗಳನ್ನೂ ಕಳೆಯಬೇಕು. ಉಳಿದದ್ದು ಹಾಕಿದ ದುಡ್ಡಿಗೆ ಶೇಕಡಾ ಎಷ್ಟು ಅಂತ ನೋಡಬೇಕು. ಇದನ್ನೆಲ್ಲ ಮದುವೆ ಮನೆಯಲ್ಲಿ ಹೇಳಿದರೆ ಪಕ್ಕದವರು ಎದ್ದು ಹೋಗುತ್ತಾರೆ. ನಮ್ಮ ಇನ್ವೆಸ್ಟರ್ ಸಾಹೇಬರ ಲೆಕ್ಕ ಒಂದೇ ಸಾಲು: ಹೋದ ವರ್ಷ ಏರಿದೆ, ಆದ್ದರಿಂದ ಬರೋ ವರ್ಷವೂ ಏರುತ್ತದೆ.

ಸಾಲದ ವಿಷಯದಲ್ಲೂ ಅವರಿಗೆ ಅರ್ಧ ಗಣಿತವಷ್ಟೇ ಇಷ್ಟ. ಕೈಯಿಂದ ಶೇ. 20, ಉಳಿದ ಶೇ. 80 ಸಾಲ. ಬೆಲೆ ಶೇ. 20 ಏರಿದರೆ, ಬಡ್ಡಿ ಬಿಟ್ಟು, ಹಾಕಿದ ದುಡ್ಡು ಡಬಲ್! ಇದನ್ನು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ. ಅಷ್ಟೇ ಇಳಿದರೆ? ಕೈಯಿಂದ ಹಾಕಿದ್ದು ಪೂರ್ತಿ ಗೋವಿಂದ, ಸಾಲ ಮಾತ್ರ ಗಟ್ಟಿ. ಆ ಭಾಗ ಬಂದಾಗ ಅವರಿಗೆ ಯಾವುದೋ ಫೋನು ಬರುತ್ತದೆ.

1925ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಇಂಥ ಇನ್ವೆಸ್ಟರ್‌ಗಳ ಜಾತ್ರೆಯೇ ನೆರೆದಿತ್ತು. ಮಯಾಮಿಯ ಬೀದಿಗಳಲ್ಲಿ ಜಾಗ ಕೈಬದಲಾಗುತ್ತಿರಲಿಲ್ಲ, ಅಡ್ವಾನ್ಸ್ ಕೊಟ್ಟ ಚೀಟಿ ಕೈಬದಲಾಗುತ್ತಿತ್ತು. ಹೊಸಬರ ದುಡ್ಡನ್ನೇ ಹಳಬರಿಗೆ ಲಾಭ ಅಂತ ಹಂಚುವ ಪಾಂಜಿ ಸ್ಕೀಮಿಗೆ ಹೆಸರು ಕೊಟ್ಟ ಚಾರ್ಲ್ಸ್ ಪಾಂಜಿಯೂ ಜೈಲಿನಿಂದ ಹೊರಬಂದು ಅಲ್ಲಿಗೇ ಹೋದ. ಇನ್ನೆಲ್ಲಿಗೆ ಹೋಗಬೇಕಿತ್ತು ಪಾಪ! ಒಂದೊಂದು ಎಕರೆಯನ್ನು 23 ತುಂಡು ಮಾಡಿ, "ಜಾಕ್ಸನ್‌ವಿಲ್ ಹತ್ತಿರ" ಅಂತ ಮಾರಿದ. ಆ ಹತ್ತಿರ ಅಂದರೆ ಸುಮಾರು 100 ಕಿಲೋಮೀಟರ್. 1926ರ ಸೆಪ್ಟೆಂಬರ್‌ನಲ್ಲಿ ಚಂಡಮಾರುತ ಬಂದು ಮಯಾಮಿಯನ್ನು ಗುಡಿಸಿ ಹಾಕಿತು. ಬೆಲೆಗೆ ಅದಕ್ಕೂ ಮೊದಲೇ ಸುಸ್ತು ಹತ್ತಿತ್ತು, ಚೀಟಿ ಕೊಳ್ಳುವವರೇ ಸಿಗುತ್ತಿರಲಿಲ್ಲ.

1980ರ ದಶಕದ ಕೊನೆಗೆ ಜಪಾನಿನ ಸರದಿ. ಟೋಕಿಯೊದ ಅರಮನೆ ಇರುವ ಜಾಗ ಇಡೀ ಕ್ಯಾಲಿಫೋರ್ನಿಯಾಗಿಂತ ಬೆಲೆಬಾಳುತ್ತದೆ ಎಂಬ ಮಾತು ಹಬ್ಬಿತ್ತು. ಚಕ್ರವರ್ತಿ ಮಾರಲು ಹೊರಟಿರಲಿಲ್ಲ, ಕೊಳ್ಳಲು ಯಾರೂ ಬಂದಿರಲಿಲ್ಲ. ರೇಟು ಮಾತ್ರ ನಿಗದಿಯಾಗಿತ್ತು ನೋಡಿ! 1991ರ ನಂತರ ಅಲ್ಲಿ ಜಮೀನಿನ ಬೆಲೆ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಇಳಿಯುತ್ತಲೇ ಹೋಯಿತು.

ಮೊನ್ನೆ ನಮ್ಮ ಇನ್ವೆಸ್ಟರ್ ಮತ್ತೆ ಸಿಕ್ಕರು. ರೇಟು ಎಷ್ಟಾಯಿತು ಅಂತ ನಾನು ಸುಮ್ನೆ ಕೇಳಿದೆ. "ನಂದು ಲಾಂಗ್ ಟರ್ಮ್" ಎಂದರು. ಆರು ತಿಂಗಳ ಹಿಂದೆ ಈ ಪದ ಅವರ ಬಾಯಲ್ಲಿ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ, "ನೀವೇ ಯಾಕೆ ತಗೋಬಾರ್ದು? ನಿಮಗಾದ್ರೆ ಕೊಂಡ ರೇಟಿಗೇ ಬಿಟ್ಟುಕೊಡ್ತೀನಿ" ಎಂದರು.

"ಎಲ್ಲಿದೆ ಸೈಟು?"

"ಸಿಟಿಗೆ ಹತ್ತಿರಾನೇ."