ಬೋರ್ ಪಾಯಿಂಟ್ ಗುರುತಿಸುವ ಮುನ್ನ ಮಾಡಬೇಕಾದ ಕೆಲಸ

ಬ್ರಿಟನ್ನಿನಲ್ಲಿ ಮಣ್ಣು ಪರೀಕ್ಷೆಯ ಕೆಲಸಕ್ಕೆ ಸೇರಿದ ಮೇಲೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಸೈಟಿಗೆ ರಿಗ್, ಅಂದರೆ ಕೊರೆಯುವ ಯಂತ್ರ, ಬರುವುದಕ್ಕೂ ಮುಂಚೆ ನಡೆಯುವ ತಯಾರಿ. ಇಲ್ಲಿ ಬೋರ್ ಎಂದರೆ ನೀರಿನ ಕೊಳವೆಬಾವಿಯಲ್ಲ, ಕಟ್ಟುವ ಮುನ್ನ ಕೆಳಗಿನ ಮಣ್ಣು, ಬಂಡೆ ನೋಡಲು ಕೊರೆಯುವ ರಂಧ್ರ. ಆ ಜಾಗದಲ್ಲಿ ಹಿಂದೆ ಕೆರೆಯಿತ್ತೆ, ಕಾರ್ಖಾನೆಯಿತ್ತೆ, ಕಲ್ಲು ತೆಗೆದ ಗುಂಡಿಯನ್ನು ಮುಚ್ಚಿದ್ದಾರೆಯೆ? ಹಳೆಯ ನಕ್ಷೆಗಳು, ಭೂವಿಜ್ಞಾನದ ನಕ್ಷೆ, ಸುತ್ತಮುತ್ತ ಯಾರೋ ಎಂದೋ ಕೊರೆದ ಬೋರ್‌ಗಳ ಲಾಗ್ (ಯಾವ ಆಳದಲ್ಲಿ ಏನು ಸಿಕ್ಕಿತೆಂಬ ದಾಖಲೆ) ಎಲ್ಲವನ್ನೂ ಹರವಿಕೊಂಡು ‘ಕೆಳಗೆ ಹೀಗಿರಬಹುದು’ ಎಂಬ ಒಂದು ಊಹಾಚಿತ್ರ ಬರೆಯುತ್ತಾರೆ. ಡೆಸ್ಕ್ ಸ್ಟಡಿ ಎಂದರೆ ಇದೇ. ಆ ಊಹೆ ಎಲ್ಲಿ ಅನುಮಾನಕ್ಕೆ ಎಡೆಕೊಡುತ್ತದೋ ಅಲ್ಲಿಗೆ ಬೋರ್ ಹೋಗುತ್ತದೆ. ನಮ್ಮ ಭಾರತದಲ್ಲಿ ದೊಡ್ಡ ಯೋಜನೆಗಳನ್ನು ಬಿಟ್ಟರೆ ಈ ಹಂತ ಇರುವುದೇ ಅಪರೂಪ. ಪ್ಲಾನಿನ ನಾಲ್ಕು ಮೂಲೆಗೆ ನಾಲ್ಕು ಚುಕ್ಕೆ, ನಡುವೆ ಒಂದು, ಅಲ್ಲಿಗೆ ಮುಗಿಯಿತು.

ಆ ಐದು ಚುಕ್ಕೆಗಳ ಮೂಲ ನೆಲದ ಪರೀಕ್ಷೆಗೆಂದು ಇರುವ ಭಾರತೀಯ ಮಾನಕ ಸಂಹಿತೆ ಐಎಸ್ 1892. ಅದರ 1979ರ ಆವೃತ್ತಿ ಸುಮಾರು 0.4 ಹೆಕ್ಟೇರಿನ, ಅಂದರೆ ಒಂದು ಎಕರೆಯಷ್ಟು ಜಾಗದ ಕಟ್ಟಡಕ್ಕೆ ಅಷ್ಟು ಸಾಕು ಎನ್ನುತ್ತದೆ. ವಿಶಾಲವಾದ ಜಾಗವಾದರೆ ಎಷ್ಟು ಬೋರ್ ಬೇಕೆಂದು ತೀರ್ಮಾನಿಸಲು ಅಲ್ಲಿನ ಭೂರಚನೆ ನೆರವಾಗುತ್ತದೆ, ನಡುನಡುವೆ ಕೋನ್ ಪರೀಕ್ಷೆ (ಮೊನಚು ತುದಿಯ ಸರಳನ್ನು ನೆಲಕ್ಕಿಳಿಸಿ ಗಟ್ಟಿತನ ಅಳೆಯುವುದು) ಮಾಡಬಹುದು ಎಂದೂ ಅದೇ ಸಂಹಿತೆಯಲ್ಲಿದೆ. ಬಾಯಿಪಾಠವಾಗಿ ಉಳಿದದ್ದು ಮಾತ್ರ ಮೊದಲ ಮಾತು. ಒಂದು ಲೆಕ್ಕ ಹಾಕಿ ನೋಡಿ: 4000 ಚದರ ಮೀಟರ್ ನೆಲದಲ್ಲಿ 100 ಮಿಲಿಮೀಟರ್ ವ್ಯಾಸದ ಐದು ಬೋರ್ ಹಾಕಿದರೆ ನಮ್ಮ ಕಣ್ಣಿಗೆ ಬೀಳುವುದು ಆ ನೆಲದ ಲಕ್ಷದಲ್ಲೊಂದು ಪಾಲು. ಇಷ್ಟು ಸಣ್ಣ ಪಾಲನ್ನು ಎಲ್ಲಿಂದ ತೆಗೆಯಬೇಕೆಂದು ತಲೆ ಕೆಡಿಸಿಕೊಳ್ಳದೆ ಹೇಗಿರುವುದು?

ಯುರೋಪಿನ ಅಡಿಪಾಯ ವಿನ್ಯಾಸದ ಸಂಹಿತೆ ಯೂರೋಕೋಡ್ 7ರ ಎರಡನೇ ಭಾಗ (2007ರ ಆವೃತ್ತಿ) ಎತ್ತರದ ಕಟ್ಟಡಗಳಿಗೆ ಬೋರ್‌ಗಳ ನಡುವೆ 15ರಿಂದ 40 ಮೀಟರ್ ಅಂತರ ಸೂಚಿಸುತ್ತದೆ. ರಸ್ತೆ, ರೈಲು ಹಳಿಯಂಥ ಉದ್ದದ ಕಾಮಗಾರಿಗೆ 20ರಿಂದ 200. ನನಗೆ ಇದು ಹಿಡಿಸುವುದು ಅಂಕಿಗಳ ನಡುವಿನ ಆ ಅಗಲಕ್ಕಾಗಿ. 15 ಏಕೆ, 40 ಏಕೆ ಎಂದು ಒಬ್ಬ ಎಂಜಿನಿಯರ್ ಕಾರಣ ಬರೆದು ಸಹಿ ಹಾಕಲೇಬೇಕಾಗುತ್ತದೆ.

ಆಳದ ವಿಷಯಕ್ಕೆ ಬಂದರೂ ಇದೇ ಕಥೆ. ಎರಡು ಮೀಟರ್ ಅಗಲದ ಒಂಟಿ ಚೌಕ ಫುಟಿಂಗ್ (ಕಂಬದ ಅಡಿಯ ಪಾಯದ ಹಾಸು) ನೆಲದ ಮೇಲೆ ಹೇರುವ ಒತ್ತಡ ನಾಲ್ಕು ಮೀಟರ್ ಕೆಳಗೆ ಹೋಗುವಷ್ಟರಲ್ಲಿ ಹತ್ತನೇ ಒಂದು ಪಾಲಿಗೆ ಇಳಿದಿರುತ್ತದೆ. ಹಾಗೆಂದು ಎಲ್ಲ ಬೋರ್‌ಗಳನ್ನೂ ಹತ್ತು ಮೀಟರಿಗೆ ನಿಲ್ಲಿಸಿದರೆ ಮೋಸ ಹೋಗಬಹುದು. ಫುಟಿಂಗ್‌ಗಳು ಒತ್ತೊತ್ತಾಗಿದ್ದರೆ ಅವುಗಳ ಭಾರ ಕೆಳಗೆ ಒಂದರೊಳಗೊಂದು ಬೆರೆತು, ಇಡೀ ಕಟ್ಟಡವೇ ಒಂದು ರಾಫ್ಟಿನಂತೆ, ಅಂದರೆ ಒಂದೇ ಅಗಲ ಹಾಸಿನ ಪಾಯದಂತೆ, ನೆಲವನ್ನು ಅದುಮುತ್ತದೆ. ಆಗ ಲೆಕ್ಕಕ್ಕೆ ಬರುವುದು ಕಟ್ಟಡದ ಅಗಲ. ಅದು 20 ಮೀಟರಿದ್ದರೆ, 25 ಮೀಟರ್ ಆಳದ ಮೆತ್ತನೆಯ ಜೇಡಿಪದರವೂ ಕುಸಿತಕ್ಕೆ ಕಾರಣವಾಗಬಲ್ಲದು.

ಇನ್ನು ಬಂಡೆ. ನನಗೆ ಅತಿ ಹೆಚ್ಚು ಕಳವಳ ಇರುವುದು ಇಲ್ಲಿ. ಗ್ರಾನೈಟ್, ನೈಸ್ ಶಿಲೆಗಳು ಶಿಥಿಲವಾಗುವಾಗ ಬಿರುಕುಗಳ ಗುಂಟ ಮಣ್ಣಾಗುತ್ತ ಬರುತ್ತವೆ. ನಡುವಿನ ಗಟ್ಟಿ ತಿರುಳು ಗುಂಡುಕಲ್ಲಾಗಿ ಮಣ್ಣಿನೊಳಗೇ ಉಳಿಯುತ್ತದೆ. ಮಣ್ಣಿನ ಗಟ್ಟಿತನ ಅಳೆಯುವ ಎಸ್‌ಪಿಟಿ ಪರೀಕ್ಷೆಯಲ್ಲಿ ಬೋರ್‌ನ ತಳಕ್ಕೆ ಕೊಳವೆಯೊಂದನ್ನು ಹೊಡೆದು ಇಳಿಸಲು 63.5 ಕಿಲೋ ಸುತ್ತಿಗೆ 75 ಸೆಂಟಿಮೀಟರ್ ಎತ್ತರದಿಂದ ಬೀಳುತ್ತದೆ. 50 ಪೆಟ್ಟಿಗೂ 15 ಸೆಂಟಿಮೀಟರ್ ಇಳಿಯದಿದ್ದರೆ ರಿಫ್ಯೂಸಲ್, ಅಂದರೆ ಇನ್ನು ಇಳಿಯದು ಎಂದು ಲೆಕ್ಕ. ‘ಬಂಡೆ ಸಿಕ್ಕಿತು’ ಎಂದು ಬರೆದು ರಿಗ್ ಎತ್ತಿಬಿಟ್ಟರೆ, ಸಿಕ್ಕಿದ್ದು ಗುಂಡುಕಲ್ಲೋ ಹಾಸುಬಂಡೆಯೋ ಗೊತ್ತಾಗುವುದೇ ಇಲ್ಲ. ಕಲ್ಲನ್ನು ಉರುಳೆಯಾಗಿ ಕೊರೆದು ತರುವ ಕೋರ್ ಬ್ಯಾರಲ್ ಇಳಿಸಿ ಇನ್ನೂ ಮೂರರಿಂದ ಐದು ಮೀಟರ್ ಕೊರೆಯಬೇಕು. ಆಗ ಕೋರ್ ಪೆಟ್ಟಿಗೆಯಲ್ಲಿ ಒಂದೂವರೆ ಮೀಟರ್ ಒಳ್ಳೆಯ ಕಲ್ಲು, ಅದರಾಚೆ ತುಕ್ಕುಬಣ್ಣದ ಚೂರುಗಳು, ಆಮೇಲೆ ಬರೀ ಖಾಲಿ ಜಾಗ ಕಾಣಬಹುದು. ಅಲ್ಲಿದ್ದ ಮಣ್ಣು ಕೊರೆಯುವ ನೀರಿಗೆ ಕೊಚ್ಚಿಹೋಗಿರುತ್ತದೆ. ಪೈಲಿನ (ಆಳಕ್ಕಿಳಿಸುವ ಪಾಯದ ಕಂಬದ) ತುದಿ ಕೂರಬೇಕಿದ್ದುದು ಆ ಕಲ್ಲಿನ ಮೇಲೆಯೇ ಆಗಿದ್ದರೆ ಆ ಖಾಲಿ ಜಾಗದ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಅಂತರ್ಜಲದ ಮಟ್ಟವನ್ನೂ ಕೊರೆದ ದಿನವೇ ಅಳೆದು ಮುಗಿಸುವುದು ಸರಿಯಲ್ಲ, ಬೋರ್‌ನಲ್ಲಿ ನಾವೇ ಸುರಿದ ನೀರಿರುತ್ತದೆ. ಒಂದೆರಡು ಬೋರ್‌ಗಳಲ್ಲಾದರೂ ನೀರಿನ ಮಟ್ಟ ತೋರಿಸುವ ಪೀಜೋಮೀಟರ್ ಕೊಳವೆ ಬಿಟ್ಟು ಮಳೆಗಾಲದವರೆಗೆ ನೋಡಬೇಕು.

ಬ್ರಿಟನ್ನಿನಲ್ಲಿಯೂ ಎಲ್ಲ ಚೆನ್ನಾಗಿದೆ ಎನ್ನಲಾರೆ. ಮೊದಲು ಕೆಲವು ಬೋರ್ ಹಾಕಿ, ಫಲಿತಾಂಶ ನೋಡಿ ಉಳಿದವುಗಳ ಜಾಗ ತೀರ್ಮಾನಿಸಬೇಕೆಂಬುದು ಪುಸ್ತಕದ ಕ್ರಮ. ಅವಸರವಾದಾಗ ಎರಡೂ ಹಂತಗಳನ್ನು ಒಂದೇ ಸಲ ಮುಗಿಸಿಬಿಡುತ್ತಾರೆ. ಆದರೂ ಬ್ರಿಟಿಷ್ ಜಿಯಾಲಾಜಿಕಲ್ ಸರ್ವೆಯ ಬಳಿ ಹತ್ತು ಲಕ್ಷಕ್ಕೂ ಹೆಚ್ಚು ಬೋರ್‌ಗಳ ದಾಖಲೆಯಿದೆ, ಬಹುಪಾಲನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಬಿಟ್ಟಿಯಾಗಿ ತೆರೆದು ನೋಡಬಹುದು. ನಮ್ಮ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ (ಜಿಎಸ್‌ಐ) ಭೂಕೋಶ್ ಜಾಲತಾಣದಲ್ಲಿ ಭೂವಿಜ್ಞಾನದ ನಕ್ಷೆಗಳು ಸಿಗುತ್ತವೆ, ಅದು ದೊಡ್ಡ ಉಪಕಾರ. ಕಟ್ಟಡಕ್ಕಾಗಿ, ಸೇತುವೆಗಾಗಿ ಕೊರೆದ ಬೋರ್‌ಗಳ ಲಾಗ್ ಮಾತ್ರ ಆಯಾ ವರದಿಯ ಜೊತೆ ಕಪಾಟು ಸೇರುತ್ತದೆ. ಪಕ್ಕದ ಸೈಟಿನವರು ಅದೇ ಮಣ್ಣನ್ನು ಹೊಸದಾಗಿ ಕೊರೆಯುತ್ತಾರೆ. ಸಾರ್ವಜನಿಕ ಹಣದಲ್ಲಿ ಕೊರೆದ ಪ್ರತಿ ಬೋರ್‌ನ ಲಾಗೂ ಒಂದು ಕಡೆ ಜಮೆಯಾಗಬೇಕೆಂದು ಟೆಂಡರಿನಲ್ಲೇ ಷರತ್ತು ಹಾಕಬೇಕು. ಅದರಲ್ಲಿ ಬೋರ್‌ನ ಅಕ್ಷಾಂಶ–ರೇಖಾಂಶ, ನೆಲಮಟ್ಟ ಎರಡೂ ಇರಲೇಬೇಕು. ನೆಲಮಟ್ಟ ಬರೆಯದ ಲಾಗಿನಲ್ಲಿ ‘ಎಂಟು ಮೀಟರಿಗೆ ಬಂಡೆ’ ಎಂದಿದ್ದರೆ, ಸೈಟನ್ನು ಒಮ್ಮೆ ತಗ್ಗು ಮಾಡಿಯೋ ಎತ್ತರಿಸಿಯೋ ಆದ ಮೇಲೆ ಆ ಎಂಟು ಮೀಟರನ್ನು ಎಲ್ಲಿಂದ ಅಳೆಯುವುದು?